ಪಿಕ್ಸೆಲ್ ಎಷ್ಟು ಅಂತ ಕೇಳುವ ಮೊದಲು

ಕ್ಯಾಮೆರಾ ಕೊಳ್ಳಬೇಕು ಅಂದುಕೊಂಡ ಹುಡುಗರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಒಂದೇ. "ಅಣ್ಣ, ಎಷ್ಟು ಮೆಗಾಪಿಕ್ಸೆಲ್‌ದು ತಗೊಳ್ಳಲಿ?" ಹಸು ಕೊಳ್ಳುವಾಗ ಎಷ್ಟು ಲೀಟರ್ ಹಾಲು ಕೊಡುತ್ತೆ ಅಂತ ಕೇಳುವ ಹಾಗೆ ಕೇಳುತ್ತಾರೆ. ಹಸುವಿನ ವಿಷಯದಲ್ಲಿ ಆ ಪ್ರಶ್ನೆ ಸರಿಯೇ. ವಿಡಿಯೋ ಕ್ಯಾಮೆರಾ ವಿಷಯದಲ್ಲಿ ಮಾತ್ರ ಅದು ಹಸುವಿನ ಕೊಂಬು ಎಷ್ಟುದ್ದ ಅಂತ ಕೇಳಿದಂತೆ. ಕೊಂಬು ಬೇಡ ಅಂತಲ್ಲ. ಹಾಲು ಬರುವುದು ಅಲ್ಲಿಂದಲ್ಲ, ಅಷ್ಟೆ.

ಹೋದ ತಿಂಗಳು ಇದೇ ಪ್ರಶ್ನೆ ಹೊತ್ತು ಬಂದವನು ನಮ್ಮ ಹಿಂದಿನ ಬೀದಿಯ ಹುಡುಗ. ಅವನ ತಾಯಿ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿಕೊಡುತ್ತೇನೆ ಅಂದಿದ್ದಾರೆ. ನಾಮಕರಣ, ಗೃಹಪ್ರವೇಶ, ಊರಹಬ್ಬ, ಸಣ್ಣಪುಟ್ಟ ಮದುವೆ ಶೂಟ್ ಮಾಡಿ ಕಂತು ಕಟ್ಟುತ್ತೇನೆ ಅನ್ನುವುದು ಅವನ ಲೆಕ್ಕ. ಮೊಬೈಲಿನಲ್ಲಿ ಎರಡು ಕ್ಯಾಮೆರಾಗಳ ಫೋಟೋ ತೋರಿಸಿದ. ಒಂದು ಹೊಸದು, ಅಂಗೈಯಲ್ಲಿ ಕೂರುವ ಸಣ್ಣ ಹ್ಯಾಂಡಿಕ್ಯಾಮ್, ಡಬ್ಬದ ಮೇಲೆ 24 ಮೆಗಾಪಿಕ್ಸೆಲ್ ಅಂತ ದಪ್ಪ ಅಕ್ಷರ. ಇನ್ನೊಂದು ಸೆಕೆಂಡ್ ಹ್ಯಾಂಡ್, ನೋಡಲು ಅಂದವಿಲ್ಲ, 16 ಮೆಗಾಪಿಕ್ಸೆಲ್. ಬೆಲೆ ಹೆಚ್ಚುಕಮ್ಮಿ ಒಂದೇ. ಅವನ ಮನಸ್ಸು ಆಗಲೇ 24ರ ಕಡೆ ವಾಲಿತ್ತು. ಸಂಘದ ಸಾಲ ಅಂದರೆ ವಾರದ ಕಂತು. ಕ್ಯಾಮೆರಾ ಕೈಕೊಟ್ಟರೂ ಕಂತು ಬಿಡುವುದಿಲ್ಲ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯೋಣ ಅನ್ನಿಸಿತು.

ನಾವು ಅಂದರೆ ಒಬ್ಬ ವರದಿಗಾರ, ಒಂದು ಬೈಕು, ಒಂದು ಹೆಗಲ ಚೀಲ. ಊರು ಮಾಕಳಿ. ಮಾಕಳಿ ಅಂದ ಕೂಡಲೇ ದೊಡ್ಡಬಳ್ಳಾಪುರದ ಕಡೆಯ ಮಾಕಳಿದುರ್ಗ ಅಂದುಕೊಳ್ಳುವವರಿದ್ದಾರೆ. ಅದಲ್ಲ. ತುಮಕೂರು ರಸ್ತೆಯಲ್ಲಿ ಮಾದಾವರ ದಾಟಿ ನೆಲಮಂಗಲಕ್ಕೆ ಹೋಗುವಾಗ ಸಿಗುವ, ಹಿಮಾಲಯ ಕಂಪನಿ ಇರುವ ಮಾಕಳಿ ನಮ್ಮದು. ಡಿಪ್ಲೊಮಾ ಮುಗಿಸಿ 2008ರಲ್ಲಿ ಕೆಲಸಕ್ಕೆ ಇಳಿದಾಗ ಸಿಕ್ಕಿದ್ದು ಸುದ್ದಿಗೆ ಇಷ್ಟು ಅಂತ ಕೊಡುವ ಸ್ಟ್ರಿಂಗರ್ ಕೆಲಸ. ನೆಲಮಂಗಲ, ಮಾಗಡಿ, ದಾಬಸ್‌ಪೇಟೆ ಸುತ್ತುವುದು, ಶೂಟ್ ಮಾಡಿದ ಟೇಪನ್ನು ಲಕೋಟೆಗೆ ಹಾಕಿ ಬೆಂಗಳೂರು ಬಸ್ಸಿನ ಡ್ರೈವರ್ ಕೈಗೆ ಕೊಡುವುದು, ಬಸ್ಸಿನ ನಂಬರನ್ನು ಆಫೀಸಿಗೆ ಫೋನ್ ಮಾಡಿ ಹೇಳುವುದು. ಮೆಜೆಸ್ಟಿಕ್‌ನಲ್ಲಿ ಆಫೀಸ್ ಹುಡುಗ ಬಸ್ಸಿಗಾಗಿ ಕಾಯುತ್ತಿದ್ದ. ಈಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ.

ಪಿಕ್ಸೆಲ್ ವಿಷಯ ನಮಗೆ ಕಣ್ಣಿಗೆ ಹೊಡೆದ ಹಾಗೆ ಅರ್ಥವಾಗಿದ್ದು 2009ರ ಬೇಸಿಗೆಯ ಒಂದು ರಾತ್ರಿ. ದಾಬಸ್‌ಪೇಟೆ ಆಚೆಯ ಒಂದು ಹಳ್ಳಿಯಲ್ಲಿ ಊರಹಬ್ಬಕ್ಕೆ 'ಕುರುಕ್ಷೇತ್ರ' ನಾಟಕ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ರಾತ್ರಿ ಒಂಬತ್ತು ಹತ್ತಕ್ಕೆ ಶುರುವಾದರೆ ಬೆಳಗಿನ ಜಾವದ ತನಕ. ಹಗಲು ಉಳುಮೆ ಮಾಡುವವರು, ಲಾರಿ ಓಡಿಸುವವರು, ಮೇಷ್ಟರು ಎಲ್ಲ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಲಿತು, ಕೈಯಿಂದ ದುಡ್ಡು ಹಾಕಿ ಕಟ್ಟುವ ನಾಟಕ. ಪೌರಾಣಿಕ ನಾಟಕದ ಬಗ್ಗೆ ಒಂದು ವಿಶೇಷ ವರದಿ ಮಾಡೋಣ ಅಂತ ಆಫೀಸಿನ ಹಳೇ ಸೋನಿ ಪಿಡಿ-170 ಕ್ಯಾಮೆರಾ ತಗೊಂಡು ಹೋಗಿದ್ದೆವು. ಆ ಕಾಲದಲ್ಲಿ ಚಾನೆಲ್‌ಗಳವರ ಕೈಯಲ್ಲಿ, ದೊಡ್ಡ ಮದುವೆಗಳಲ್ಲಿ ಎಲ್ಲೆಲ್ಲೂ ಅದೇ.

ಪಕ್ಕದಲ್ಲೇ ಊರಿನವರು ಗೊತ್ತುಮಾಡಿದ್ದ ಸ್ಟುಡಿಯೋದವರು ಇನ್ನೊಂದು ಸ್ಟ್ಯಾಂಡ್ ಹಾಕಿದ್ದರು. ಅವರದು ಹೊಸ ಹ್ಯಾಂಡಿಕ್ಯಾಮ್, ಆ ವರ್ಷವೇ ಕೊಂಡದ್ದು. ಟೇಪು ಎರಡಕ್ಕೂ ಒಂದೇ, ಮಿನಿ ಡಿವಿ. ಸ್ಟುಡಿಯೋ ಯಜಮಾನರು ಮಾತುಗಾರರು. "ಏನ್ ಸಾರ್, ನಿಮ್ದು ಇನ್ನೂ ನಾಲ್ಕೂವರೆ ಲಕ್ಷ ಪಿಕ್ಸೆಲ್‌ನಲ್ಲೇ ಇದೆಯಲ್ಲ, ನಮ್ದು ಎಂಟು ಲಕ್ಷ" ಅಂತ ಕಾಲೆಳೆದರು. ಲೆಕ್ಕ ಅವರು ಹೇಳಿದ್ದು ನಿಜ. ಡಬ್ಬದ ಮೇಲೆ ಹಾಗೇ ಇತ್ತು.

ಬೆಳಕು ಅಂದರೆ ಎರಡು ಹ್ಯಾಲೋಜನ್, ನಾಲ್ಕೈದು ಟ್ಯೂಬ್‌ಲೈಟ್, ಸೀನರಿಯವರ ಬಣ್ಣದ ಲೈಟು. ಬೆಳಗಿನ ಜಾವ ವೈಶಂಪಾಯನ ಸರೋವರದ ದೃಶ್ಯ ಬಂತು. ದುರ್ಯೋಧನ ನೀರಿನಲ್ಲಿ ಅಡಗಿರುವುದನ್ನು ತೋರಿಸಲು ಬೇರೆ ಲೈಟೆಲ್ಲ ಆರಿಸಿ ನೀಲಿ ಒಂದನ್ನೇ ಬಿಟ್ಟರು. ಕ್ಯಾಮೆರಾದವರಿಗೆ ನೀಲಿ ಬೆಳಕು ಅಂದರೆ ತಲೆನೋವು. ಸೆನ್ಸರ್ ಮಾಡುವ ಸಿಲಿಕಾನ್‌ಗೆ ನೀಲಿ ಕಾಣುವುದು ಕಡಿಮೆ. ಗ್ರೇನ್ಸ್ ಮೊದಲು ಏಳುವುದು ಅಲ್ಲಿಂದಲೇ.

ವಾರದ ನಂತರ ನೆಲಮಂಗಲದ ಒಂದು ಮಿಕ್ಸಿಂಗ್ ಸೆಂಟರ್‌ನಲ್ಲಿ ಎರಡೂ ಟೇಪನ್ನು ಒಂದೇ ಟಿವಿಯಲ್ಲಿ ಹಾಕಿ ನೋಡುವ ಅವಕಾಶ ಸಿಕ್ಕಿತು. ಮೊದಲ ದೃಶ್ಯ, ಹ್ಯಾಲೋಜನ್ ಬೆಳಕಿನದು, ಪರವಾಗಿಲ್ಲ. ಸರೋವರದ ದೃಶ್ಯ ಬಂದಾಗ ಎಂಟು ಲಕ್ಷದ ಚಿತ್ರ ಇರುವೆ ಗೂಡಿಗೆ ಕಾಲಿಟ್ಟ ಹಾಗೆ ಕುದಿಯತೊಡಗಿತು. ದುರ್ಯೋಧನನ ಮೀಸೆ ಎಲ್ಲಿ ಮುಗಿಯಿತು, ಕತ್ತಲೆ ಎಲ್ಲಿ ಶುರುವಾಯಿತು ಗೊತ್ತಾಗದು. ಕಿರೀಟ ಮಿಂಚಿದಲ್ಲೆಲ್ಲ ಬರೀ ಬಿಳಿ ಮಚ್ಚೆ. ನಾಲ್ಕೂವರೆ ಲಕ್ಷದ್ದರಲ್ಲಿ ಕತ್ತಲೆ ಕತ್ತಲೆಯಾಗಿಯೇ ಇತ್ತು, ಅದರೊಳಗೆ ಮುಖ ಇತ್ತು, ಕಣ್ಣಿಗೆ ಹಚ್ಚಿದ ಕಾಡಿಗೆ ಬೆವರಿಗೆ ಇಳಿದದ್ದೂ ಕಾಣುತ್ತಿತ್ತು. ಸ್ಟುಡಿಯೋ ಯಜಮಾನರು ಎರಡು ಸಲ ಟೇಪು ಹಿಂದಕ್ಕೆ ಓಡಿಸಿ ನೋಡಿದರು. ಆಮೇಲೆ ಟೀ ತರಿಸಿದರು.

ಇದು ಹೇಗೆ?

ಮೊದಲು ಒಂದು ಲೆಕ್ಕ. ನಮ್ಮ ದೇಶದ ಹಳೇ ಟಿವಿಯ ಚಿತ್ರ, ಪಾಲ್ ಪದ್ಧತಿಯದು, ಡಿಜಿಟಲ್ ಟೇಪಿನಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆ. ಗುಣಿಸಿದರೆ 4,14,720. ಅಂದರೆ ನಾಲ್ಕು ಲಕ್ಷ ಚಿಲ್ಲರೆ. ಟೇಪಿನ ಮೇಲೆ ಹಿಡಿಸುವುದೇ ಅಷ್ಟು. ಹತ್ತು ಲೀಟರ್ ಕ್ಯಾನಿಗೆ ಇಪ್ಪತ್ತು ಲೀಟರ್ ಸುರಿದರೆ ಕ್ಯಾನಿನಲ್ಲಿ ಉಳಿಯುವುದು ಹತ್ತೇ. ಪಿಡಿ-170 ಮಾಡಿದವರು ನಾಲ್ಕೂವರೆ ಲಕ್ಷಕ್ಕೆ ನಿಂತದ್ದು ಜಿಪುಣತನದಿಂದಲ್ಲ. ಬೇಕಾದಷ್ಟು ಇಟ್ಟು, ಉಳಿದ ಜಾಗವನ್ನು ಒಂದೊಂದು ಪಿಕ್ಸೆಲ್ ದೊಡ್ಡದು ಮಾಡಲು ಬಳಸಿದರು.

ಜಾಗ ಅಂದೆವು. ಇದನ್ನು ಮಾಕಳಿಯವರಿಗೆ ಹೇಳುವುದು ಸುಲಭ, ಇಲ್ಲಿ ಎಲ್ಲರಿಗೂ ಲೇಔಟ್ ಭಾಷೆ ಬರುತ್ತದೆ. 2024ರ ನವೆಂಬರ್‌ನಲ್ಲಿ ಮೆಟ್ರೋ ಮಾದಾವರಕ್ಕೆ ಬಂದ ಮೇಲಂತೂ ರಾಗಿ ಹೊಲ ಕಂಡರೆ ಸೈಟು ಎಣಿಸುವವರೇ ಜಾಸ್ತಿ. ಸೆನ್ಸರ್ ಅಂದರೆ ಒಂದು ಎಕರೆ ಜಮೀನು ಅಂದುಕೊಳ್ಳಿ, 43,560 ಚದರ ಅಡಿ. ಪಿಕ್ಸೆಲ್ ಅಂದರೆ ಅದರಲ್ಲಿ ಮಾಡುವ ಸೈಟು. ಮೂವತ್ತು-ನಲವತ್ತರ ಸೈಟು ಮಾಡಿದರೆ ರಸ್ತೆ, ಚರಂಡಿ ಬಿಟ್ಟು ಇಪ್ಪತ್ತರ ಆಸುಪಾಸು ಆಗುತ್ತವೆ. ಇಪ್ಪತ್ತು-ಮೂವತ್ತರದು ಮಾಡಿದರೆ ಸಂಖ್ಯೆ ಹೆಚ್ಚು. ಮಾರುವವನಿಗೆ ಖುಷಿ. ಆದರೆ ಜಮೀನು ಬೆಳೆಯಲಿಲ್ಲ, ಸೈಟು ಚಿಕ್ಕದಾಯಿತು, ಕಾಂಪೌಂಡ್ ಗೋಡೆಗೆ ಹೋಗುವ ಜಾಗ ಹೆಚ್ಚಾಯಿತು. ಈಗ ಮಳೆ ಬಂತು ಅನ್ನಿ. ಪ್ರತಿ ಮನೆಯವರೂ ತಮ್ಮ ತಾರಸಿ ನೀರನ್ನು ಸಂಪಿಗೆ ಬಿಟ್ಟುಕೊಳ್ಳುತ್ತಾರೆ. ದೊಡ್ಡ ತಾರಸಿಗೆ ಹೆಚ್ಚು ನೀರು, ಚಿಕ್ಕ ತಾರಸಿಗೆ ಕಡಿಮೆ. ಕ್ಯಾಮೆರಾದಲ್ಲಿ ಆ ಮಳೆಯೇ ಬೆಳಕು.

ಹಗಲು ಹೊತ್ತು ಬೆಳಕು ಜಡಿಮಳೆ. ಎಷ್ಟೇ ಚಿಕ್ಕ ಸಂಪೂ ತುಂಬುತ್ತದೆ. ಅದಕ್ಕೇ ಅಂಗಡಿಯವರು ಹೊರಗೆ ಬಿಸಿಲಿಗೆ ಕ್ಯಾಮೆರಾ ಹಿಡಿದು ತೋರಿಸಿದಾಗ ಎಲ್ಲವೂ ಚೆನ್ನಾಗಿ ಕಾಣುತ್ತವೆ. ರಾತ್ರಿಯ ಬೆಳಕು ತುಂತುರು. ತುಂತುರಿನ ಗುಣ ಏನೆಂದರೆ ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ. ಬೆಳಕಿನ ಕಣಗಳೂ ಹಾಗೆಯೇ. ಸರಾಸರಿ 100 ಕಣ ಬೀಳಬೇಕಾದ ಕಡೆ ಒಮ್ಮೆ 90, ಒಮ್ಮೆ 110 ಬೀಳುತ್ತವೆ. ಅಂದರೆ ನೂರಕ್ಕೆ ಹತ್ತು ಏರುಪೇರು. ಸರಾಸರಿ 10,000 ಬೀಳುವ ಕಡೆ ಏರುಪೇರು ನೂರರ ಸುಮಾರು, ಅಂದರೆ ನೂರಕ್ಕೆ ಒಂದು. ಪಕ್ಕಪಕ್ಕದ ಪಿಕ್ಸೆಲ್‌ಗಳ ಈ ಏರುಪೇರೇ ಪರದೆಯ ಮೇಲೆ ಗ್ರೇನ್ಸ್ ಆಗಿ ಕುದಿಯುವುದು. ಪಾತ್ರೆ ದೊಡ್ಡದಿದ್ದಷ್ಟೂ ಕುದಿ ಕಡಿಮೆ.

ಚಿಕ್ಕ ಪಾತ್ರೆಗೆ ಇನ್ನೊಂದು ತೊಂದರೆ, ಬೇಗ ತುಂಬಿ ಚೆಲ್ಲುತ್ತದೆ. ಬಿಳಿ ಪಂಚೆ, ಕಿರೀಟ, ತಂಬಿಟ್ಟಿನಾರತಿಯ ದೀಪ ಇಂಥವುಗಳ ಮೇಲೆ ವಿವರವೇ ಇಲ್ಲದ ಬಿಳಿ ಮಚ್ಚೆ ಬರುವುದು ಹಾಗೆ. ಒಂದೇ ಚಿತ್ರದಲ್ಲಿ ಕತ್ತಲೂ ಕೆಟ್ಟು ಬೆಳಕೂ ಕೆಡುತ್ತದೆ.

ಈಗ ಆ ರಾತ್ರಿಯ ಎರಡು ಕ್ಯಾಮೆರಾಗಳ ಜಮೀನು ಅಳೆಯೋಣ. ಪಿಡಿ-170ರ ಚಿಪ್ ಮೂರನೇ ಒಂದು ಇಂಚಿನದು, ಅಂದರೆ ಸುಮಾರು 4.8 ಮಿಲಿಮೀಟರ್ ಅಗಲ, 3.6 ಎತ್ತರ. ಹ್ಯಾಂಡಿಕ್ಯಾಮ್‌ನದು ಆರನೇ ಒಂದು ಇಂಚು, ಸುಮಾರು 2.4 ಅಗಲ, 1.8 ಎತ್ತರ. (ಈ ಇಂಚಿನ ಲೆಕ್ಕ ಹಳೇ ಟ್ಯೂಬ್ ಕ್ಯಾಮೆರಾ ಕಾಲದ್ದು, ಗಾಜಿನ ಕೊಳವೆಯ ಅಳತೆ. ಚಿಪ್‌ನ ನಿಜವಾದ ಕರ್ಣ ಅದಕ್ಕಿಂತ ಚಿಕ್ಕದೇ ಇರುತ್ತದೆ. ನಮ್ಮಲ್ಲಿ ಇನ್ನೂ ಪಲ್ಲ, ಸೇರು ಅಂತ ಲೆಕ್ಕ ಹಾಕುವ ಅಜ್ಜಂದಿರಿದ್ದಾರಲ್ಲ, ಹಾಗೆ.) ಮೊದಲನೆಯ ಜಮೀನು ಎರಡನೆಯದರ ನಾಲ್ಕು ಪಟ್ಟು. ಅದರ ಮೇಲೆ ನಾಲ್ಕೂವರೆ ಲಕ್ಷ ಸೈಟು. ಇದರ ಮೇಲೆ ಎಂಟು ಲಕ್ಷ. ಭಾಗಿಸಿ ನೋಡಿದರೆ ಒಂದೊಂದು ಸೈಟಿನಲ್ಲಿ ಏಳು ಪಟ್ಟು ವ್ಯತ್ಯಾಸ. ಬೆಳಕೂ ಹೆಚ್ಚುಕಮ್ಮಿ ಅದೇ ಅನುಪಾತ.

ಅಷ್ಟೇ ಅಲ್ಲ. ಪಿಡಿ-170ರಲ್ಲಿ ಚಿಪ್ ಒಂದಲ್ಲ, ಮೂರು. ಲೆನ್ಸಿನಿಂದ ಬಂದ ಬೆಳಕನ್ನು ಗಾಜಿನ ಪಟ್ಟಕ ಕೆಂಪು, ಹಸಿರು, ನೀಲಿ ಅಂತ ಸೀಳಿ ಒಂದೊಂದು ಬಣ್ಣವನ್ನು ಒಂದೊಂದು ಚಿಪ್‌ಗೆ ಕಳಿಸುತ್ತದೆ. ಯಾವುದೂ ಪೋಲಾಗುವುದಿಲ್ಲ. ಒಂದೇ ಚಿಪ್ ಇರುವ ಕ್ಯಾಮೆರಾದಲ್ಲಿ ಪ್ರತಿ ಪಿಕ್ಸೆಲ್ ಮೇಲೆ ಒಂದು ಬಣ್ಣದ ಜರಡಿ ಕೂರಿಸಿರುತ್ತಾರೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಅವರ ಹೆಸರಿನ ವಿನ್ಯಾಸ ಅದು, 1976ರಲ್ಲಿ ಪೇಟೆಂಟ್ ಆದದ್ದು, ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲೂ ಅದರದೇ ಸಂತತಿ. ಅರ್ಧ ಪಿಕ್ಸೆಲ್ ಹಸಿರು, ಕಾಲು ಕೆಂಪು, ಕಾಲು ನೀಲಿ. ಕೆಂಪು ಜರಡಿ ಇರುವ ಕಡೆ ಬಿದ್ದ ಹಸಿರು, ನೀಲಿ ಬೆಳಕು ವ್ಯರ್ಥ. ಉಳಿದೆರಡು ಬಣ್ಣವನ್ನು ಅಕ್ಕಪಕ್ಕದವರನ್ನು ಕೇಳಿ ಅಂದಾಜು ಮಾಡಬೇಕು.

ಇಲ್ಲಿ ಎಂಟು ಲಕ್ಷದವರ ಪರವಾಗಿಯೂ ಒಂದು ಮಾತು ಹೇಳಬೇಕು. ಈ ಅಂದಾಜಿನ ಕಾರಣಕ್ಕೇ ಒಂದು ಚಿಪ್‌ನ ಕ್ಯಾಮೆರಾಗೆ ನಾಲ್ಕು ಲಕ್ಷ ಸಾಲದು, ಸ್ವಲ್ಪ ಹೆಚ್ಚಿದ್ದರೆ ಬಣ್ಣದ ಅಂಚು ಚೊಕ್ಕ ಬರುತ್ತದೆ. ಕೈ ನಡುಗಿದಾಗ ಚಿತ್ರ ಅಲುಗದಂತೆ ಹಿಡಿಯಲು ಸುತ್ತ ಒಂದಿಷ್ಟು ಪಿಕ್ಸೆಲ್ ಮೀಸಲು ಬೇಕು. ಅಗಲ ಪರದೆಗೆ ಬೇಕು. ಟೇಪಿನ ಹ್ಯಾಂಡಿಕ್ಯಾಮ್‌ಗಳಲ್ಲಿ ಮೆಮೊರಿ ಕಾರ್ಡಿಗೆ ಫೋಟೋ ತೆಗೆಯುವ ಸೌಲಭ್ಯ ಬಂದಮೇಲೆ ಅದಕ್ಕೂ ಬೇಕಾಯಿತು. ಹಾಗೆ ಏರಿದ ಸಂಖ್ಯೆಯಲ್ಲಿ ವಿಡಿಯೋಗೆ ಬಳಕೆಯಾಗುತ್ತಿದ್ದುದು ಒಂದು ಭಾಗ ಮಾತ್ರ. ಡಬ್ಬದ ಮೇಲೆ ಬರೆದದ್ದು ಪೂರ್ತಿ. ಸುಳ್ಳಲ್ಲ, ಆದರೆ ಸೂಪರ್ ಬಿಲ್ಟಪ್ ಲೆಕ್ಕ. ಫ್ಲ್ಯಾಟ್ ಕೊಂಡವರಿಗೆ ಗೊತ್ತಿರುತ್ತದೆ.

ಫೋಟೋ ಬೇರೆ, ವಿಡಿಯೋ ಬೇರೆ ಅನ್ನುವುದೇ ಇದರ ಮೂಲ. ಫೋಟೋ ತೆಗೆಯುವವನು ಕತ್ತಲಾದರೆ ಸ್ಟ್ಯಾಂಡಿಗೆ ಹಾಕಿ ಒಂದು ಸೆಕೆಂಡ್, ಎರಡು ಸೆಕೆಂಡ್ ಕಾಯಬಹುದು. ತುಂತುರಿನಲ್ಲೂ ಪಾತ್ರೆ ತುಂಬುತ್ತದೆ. ವಿಡಿಯೋದವನಿಗೆ ಆ ಪುರಸೊತ್ತಿಲ್ಲ. ನಮ್ಮ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಅದನ್ನೂ ಎರಡು ಕಂತಾಗಿ ಹೆಣೆದು 50 ಅರ್ಧ ಚಿತ್ರ. ಐವತ್ತನೇ ಒಂದು ಸೆಕೆಂಡಿನಲ್ಲಿ ಎಷ್ಟು ನೀರು ಬಂತೋ ಅಷ್ಟೇ. ಸಾಲದಿದ್ದರೆ ಗೇನ್ ಏರಿಸಬೇಕು. 18 ಡೆಸಿಬಲ್ ಗೇನ್ ಅಂದರೆ ಎಂಟು ಪಟ್ಟು ಹಿಗ್ಗಿಸಿದಂತೆ. ಬೆಳಕಿನ ಜೊತೆ ಗ್ರೇನ್ಸೂ ಎಂಟು ಪಟ್ಟು. ಕೆಟ್ಟ ಮೈಕಿಗೆ ವಾಲ್ಯೂಮ್ ಕೊಟ್ಟರೆ ಭಾಷಣಕ್ಕಿಂತ ಗುಂಯ್‌ಗುಡುವುದೇ ಜಾಸ್ತಿಯಾಗುತ್ತದಲ್ಲ, ಹಾಗೆ.

ಗ್ರೇನ್ಸ್ ಬಂದರೆ ಬರಲಿ ಅನ್ನುವವರಿದ್ದಾರೆ. ಟೇಪಿನ ಕಾಲದಲ್ಲಿ ಅದು ಅಷ್ಟಕ್ಕೇ ನಿಲ್ಲುತ್ತಿತ್ತು. ಮಿನಿ ಡಿವಿ ಪ್ರತಿ ಸೆಕೆಂಡಿಗೆ 25 ಮೆಗಾಬಿಟ್ ಬರೆಯುತ್ತಿತ್ತು, ಒಂದು ಗಂಟೆಗೆ 13 ಜಿಬಿ. ಈಗಿನ ಕ್ಯಾಮೆರಾ, ಮೊಬೈಲ್ ಎಲ್ಲ ಚಿತ್ರವನ್ನು ಇನ್ನೂ ಬಿಗಿಯಾಗಿ ಮಡಚಿ ಇಡುತ್ತವೆ. ಮಡಚುವ ಉಪಾಯ ಏನೆಂದರೆ, ಹಿಂದಿನ ಚಿತ್ರದಲ್ಲಿ ಇದ್ದದ್ದೇ ಈಗಲೂ ಇದ್ದರೆ ಮತ್ತೆ ಬರೆಯದಿರುವುದು. ಗ್ರೇನ್ಸ್ ಪ್ರತಿ ಚಿತ್ರದಲ್ಲೂ ಹೊಸದು. ಹಾಗಾಗಿ ಮಡಚುವ ಯಂತ್ರ ಮುಖ ಬಿಟ್ಟು ಗ್ರೇನ್ಸನ್ನೇ ಬರೆಯುತ್ತಾ ಕೂರುತ್ತದೆ. ಜಾಗ ಮುಗಿದು ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕಿದರೆ ಇನ್ನೊಂದು ಸಲ ಹಿಂಡುತ್ತದೆ. ಊರಹಬ್ಬದ ರಾತ್ರಿ ವಿಡಿಯೋ ನಿಮಗೆ ಯಾಕೆ ಸೆಗಣಿ ಸಾರಿಸಿದ ಹಾಗೆ ಬರುತ್ತದೆ ಅಂತ ಈಗ ಗೊತ್ತಾಯಿತಲ್ಲ.

ನಾಟಕದ ರಾತ್ರಿ ಕಳೆದು ಎರಡು ವರ್ಷಕ್ಕೆ ಆ ದುರ್ಯೋಧನನ ಪಾತ್ರಧಾರಿ ತೀರಿಕೊಂಡರು. ಹೃದಯಾಘಾತ, ಹೊಲದಲ್ಲೇ. ಅವರ ಮಗಳು ನಮ್ಮ ನಂಬರ್ ಹುಡುಕಿಕೊಂಡು ಫೋನ್ ಮಾಡಿದರು. ಮನೆಯಲ್ಲಿದ್ದುದು ಸ್ಟುಡಿಯೋದವರು ಕೊಟ್ಟ ಸಿಡಿ. "ಅದ್ರಲ್ಲಿ ಅಪ್ಪನ ಮುಖ ಕಾಣಲ್ಲ ಸಾರ್, ಬರೀ ಕಿರೀಟ ಕಾಣುತ್ತೆ. ನಿಮ್ಮ ಹತ್ರ ಇರೋದ್ರಲ್ಲಿ ಕಣ್ಣು ಕಾಣೋ ಹಾಗೆ ಒಂದು ಫೋಟೋ ತೆಗೆದುಕೊಡ್ತೀರಾ, ಹನ್ನೊಂದನೇ ದಿನಕ್ಕೆ ಬೇಕು." ನಮ್ಮ ಅದೃಷ್ಟ, ಆ ಟೇಪಿನ ಮೇಲೆ ಬೇರೆ ಸುದ್ದಿ ಶೂಟ್ ಮಾಡಿರಲಿಲ್ಲ. ಟೇಪಿಗೆ ದುಡ್ಡು ಉಳಿಸಲು ಮತ್ತೆ ಮತ್ತೆ ಅದರ ಮೇಲೇ ಶೂಟ್ ಮಾಡುವುದು ಸ್ಟ್ರಿಂಗರ್‌ಗಳ ಜಾಯಮಾನ.

ಸರೋವರದ ದೃಶ್ಯದಿಂದ ಒಂದು ಚಿತ್ರ ಹಿಡಿದೆವು. ಕಣ್ಣು ಕಾಣುತ್ತಿತ್ತು. ಗೋಡೆಗೆ ಹಾಕುವ ಸಣ್ಣ ಫ್ರೇಮಿಗೆ ಬಲು ಚೆನ್ನಾಗಿ ಬಂತು. ಊರ ಬಾಗಿಲಿಗೆ ಹತ್ತಡಿ ಫ್ಲೆಕ್ಸ್ ಮಾಡಿಸಬೇಕು ಅಂತ ಸಂಬಂಧಿಕರ ಆಸೆ ಇತ್ತು. ಅದು ಆಗಲಿಲ್ಲ. ನಾಲ್ಕು ಲಕ್ಷ ಚುಕ್ಕೆಯನ್ನು ಹತ್ತಡಿಗೆ ಹಿಗ್ಗಿಸಿದರೆ ಮೂಗು ಮೆಟ್ಟಿಲು ಮೆಟ್ಟಿಲಾಗುತ್ತದೆ. ಪಿಕ್ಸೆಲ್ ಬೇಕಾಗುವುದು ಅಲ್ಲಿ. ಚಿತ್ರ ನಿಲ್ಲಿಸಿ ದೊಡ್ಡದು ಮಾಡಬೇಕಾದಾಗ, ಹಗಲಲ್ಲಿ ದೂರದ ಲಾರಿಯ ನಂಬರ್ ಪ್ಲೇಟ್ ಓದಬೇಕಾದಾಗ, ಶೂಟ್ ಆದಮೇಲೆ ಒಂದು ಮೂಲೆಯನ್ನು ಕತ್ತರಿಸಿ ತೋರಿಸಬೇಕಾದಾಗ. ಆದರೆ ಅದೇ ಸ್ಟುಡಿಯೋದವರ ಎಂಟು ಲಕ್ಷದ ಟೇಪಿನಿಂದ ಸಣ್ಣ ಫ್ರೇಮಿಗೂ ಚಿತ್ರ ಸಿಗುತ್ತಿರಲಿಲ್ಲ. ಚುಕ್ಕೆಗಳಿದ್ದವು, ಚುಕ್ಕೆಯೊಳಗೆ ಬೆಳಕಿರಲಿಲ್ಲ. ಸಿಸಿಟಿವಿ ಹಾಕಿಸುವ ಅಂಗಡಿಯವರೂ ಇದನ್ನು ಗಮನಿಸಬೇಕು. 8 ಮೆಗಾಪಿಕ್ಸೆಲ್ ಅಂತ ಹಾಕಿಸಿ, ರಾತ್ರಿ ಶಟರ್ ಮುರಿದವನ ಮುಖ ಬೂದುಗುಂಬಳದ ಹಾಗೆ ಕಂಡಿದ್ದನ್ನು ನಾವು ವರದಿಯನ್ನೂ ಮಾಡಿದ್ದೇವೆ.

2008ರ ಕೊನೆಗೆ ಕ್ಯಾನನ್‌ನವರು 5ಡಿ ಮಾರ್ಕ್ 2 ಬಿಟ್ಟರು. 21 ಮೆಗಾಪಿಕ್ಸೆಲ್ ಫೋಟೋ ಕ್ಯಾಮೆರಾ, ಅದರಲ್ಲಿ ವಿಡಿಯೋ ಕೂಡ. ಮದುವೆ ಸ್ಟುಡಿಯೋಗಳು ಮೆಲ್ಲಗೆ ಅಂಥ ಕ್ಯಾಮೆರಾಗಳ ಕಡೆ ಹೊರಳಿದವು. ಚಿತ್ರ ಸಿನಿಮಾ ಹಾಗೆ ಬರುತ್ತದೆ ಅಂತ ಜನ ಮುಗಿಬಿದ್ದರು. ಪಿಕ್ಸೆಲ್ ಜಾಸ್ತಿ ಅದಕ್ಕೇ ಅಂದುಕೊಂಡವರೇ ಹೆಚ್ಚು. ನಿಜವಾದ ಕಾರಣ ಅದರ ಚಿಪ್, 36 ಮಿಲಿಮೀಟರ್ ಅಗಲ, 24 ಎತ್ತರ. ಪಿಡಿ-170ರ ಒಂದು ಚಿಪ್‌ನ ಐವತ್ತು ಪಟ್ಟು ಜಮೀನು. 21 ಮೆಗಾಪಿಕ್ಸೆಲ್ ಅಲ್ಲಿ ಉಪಕಾರಕ್ಕಿಂತ ಉಪದ್ರವವೇ ಕೊಟ್ಟಿತು. ಫುಲ್ ಎಚ್‌ಡಿ ವಿಡಿಯೋಗೆ ಬೇಕಾದ್ದು 1920 ಗುಣಿಸು 1080, ಅಂದರೆ 20,73,600, ಎರಡು ಮೆಗಾಪಿಕ್ಸೆಲ್ ಚಿಲ್ಲರೆ. 21 ಮೆಗಾಪಿಕ್ಸೆಲ್ಲನ್ನು ಸೆಕೆಂಡಿಗೆ 25 ಸಲ ಪೂರ್ತಿ ಓದುವಷ್ಟು ವೇಗ ಆಗಿನ ಯಂತ್ರಕ್ಕೆ ಇರಲಿಲ್ಲ. ಸಾಲು ಬಿಟ್ಟು ಸಾಲು ಓದುತ್ತಿತ್ತು. ರಾಗಿ ಪೈರಿನಲ್ಲಿ ಸಾಲು ಬಿಟ್ಟು ಸಾಲು ಎಣಿಸಿ ಇಳುವರಿ ಹೇಳಿದ ಹಾಗೆ. ಮದುಮಗಳ ಸಣ್ಣ ಚೌಕುಳಿಯ ರೇಷ್ಮೆ ಸೀರೆ, ಹಂಚಿನ ಮಾಡು, ಶಾಮಿಯಾನದ ಗೆರೆ ಇವುಗಳ ಮೇಲೆ ಬಣ್ಣದ ಹಾವು ಹರಿದಾಡಿದಂತೆ ಕಾಣುತ್ತಿದ್ದುದು ಅದಕ್ಕೆ.

ಕಂಪನಿಗಳಿಗೂ ಇದು ಗೊತ್ತು. ಸೋನಿಯವರು 36 ಮೆಗಾಪಿಕ್ಸೆಲ್‌ನ ಎ7ಆರ್ ಮಾಡಿದ ಮರುವರ್ಷ, 2014ರಲ್ಲಿ, ಅದೇ ಅಳತೆಯ ಚಿಪ್ ಮೇಲೆ ಬರೀ 12 ಮೆಗಾಪಿಕ್ಸೆಲ್ ಹಾಕಿ ಎ7ಎಸ್ ತಂದರು. ಕತ್ತಲಲ್ಲಿ ವಿಡಿಯೋ ಮಾಡುವವರಿಗಾಗಿಯೇ. ಪ್ಯಾನಸೋನಿಕ್‌ನವರ ಜಿಎಚ್5 ಇದ್ದದ್ದು 20 ಮೆಗಾಪಿಕ್ಸೆಲ್. 2018ರಲ್ಲಿ ವಿಡಿಯೋದವರಿಗೆ ಅಂತ ಜಿಎಚ್5ಎಸ್ ಮಾಡಿದಾಗ ಅದನ್ನು 10ಕ್ಕೆ ಇಳಿಸಿದರು. ಬೆಲೆ ಇಳಿಸಲಿಲ್ಲ ಅನ್ನುವುದನ್ನು ಗಮನಿಸಿ.

"ಹಾಗಾದ್ರೆ ನನ್ನ ಫೋನಿಂದು 50 ಮೆಗಾಪಿಕ್ಸೆಲ್ ಅಲ್ವಾ, ಅದೂ ಸುಳ್ಳಾ?" ಅಂತ ನಮ್ಮ ಹುಡುಗ ಕೇಳಿದ. ಸುಳ್ಳಲ್ಲ. 4ಕೆ ವಿಡಿಯೋಗೆ ಬೇಕಾದ್ದು 82,94,400 ಚುಕ್ಕೆ, ಎಂಟು ಮೆಗಾಪಿಕ್ಸೆಲ್ ಚಿಲ್ಲರೆ. ಇಂಥ ಫೋನು ಮಾಮೂಲಾಗಿ ನಾಲ್ಕು ನಾಲ್ಕು ಪಿಕ್ಸೆಲ್ಲನ್ನು ಒಂದು ಮಾಡಿ ಹನ್ನೆರಡೂವರೆ ಮೆಗಾಪಿಕ್ಸೆಲ್ ಆಗಿ ಬಳಸುತ್ತದೆ. ನಾಲ್ಕು ಸಣ್ಣ ಸೈಟಿನ ಕಾಂಪೌಂಡ್ ಒಡೆದು ಒಂದು ಮಾಡಿದ ಹಾಗೆ. ಅಂದರೆ ಅವರೇ ಕೊನೆಗೆ ದೊಡ್ಡ ಪಿಕ್ಸೆಲ್‌ಗೇ ಬಂದರು, ಡಬ್ಬದ ಮೇಲೆ ಮಾತ್ರ 50 ಉಳಿಯಿತು. ಜಾಸ್ತಿ ಪಿಕ್ಸೆಲ್ಲನ್ನು ಪೂರ್ತಿ ಓದಿ, ಬೆರೆಸಿ, ಕಡಿಮೆ ಮಾಡಿ ಬರೆದರೆ ಚಿತ್ರ ನಿಜಕ್ಕೂ ಚೆನ್ನಾಗಿರುತ್ತದೆ. 2012ರಲ್ಲಿ ನೋಕಿಯಾ 808 ಅನ್ನುವ 41 ಮೆಗಾಪಿಕ್ಸೆಲ್ ಫೋನು ಇದನ್ನೇ ಮಾಡಿ ಎಲ್ಲರ ಬಾಯಿ ಮುಚ್ಚಿಸಿತು. ಆದರೆ ಅದಕ್ಕೆ ಚಿಪ್ ಕೂಡ ಆ ಕಾಲದ ಫೋನುಗಳಲ್ಲಿ ಇಲ್ಲದಷ್ಟು ದೊಡ್ಡದಿತ್ತು.

ಇನ್ನೊಂದು ಮಾತು. ಈಗಿನ ಸಣ್ಣ ಪಿಕ್ಸೆಲ್ 2009ರ ಸಣ್ಣ ಪಿಕ್ಸೆಲ್ ಅಲ್ಲ. ಮೊದಲು ಚಿಪ್‌ನ ತಂತಿಗಳು ಬೆಳಕು ಬರುವ ಮೇಲ್ಭಾಗದಲ್ಲೇ ಹಾಯುತ್ತಿದ್ದವು. ಅವನ್ನು ಕೆಳಗೆ ಹಾಕಿ ಮೇಲ್ಭಾಗವನ್ನು ಬೆಳಕಿಗೆ ಬಿಟ್ಟುಕೊಡುವ ವಿಧಾನ ಬಂತು, ಬೀದಿಯ ತಂತಿಯನ್ನೆಲ್ಲ ನೆಲದಡಿಗೆ ಹಾಕಿದ ಹಾಗೆ. ಸೋನಿಯವರು 2009ರಲ್ಲಿ ಅದನ್ನು ಮೊದಲು ತಂದದ್ದು ಹ್ಯಾಂಡಿಕ್ಯಾಮ್‌ನಲ್ಲೇ. ಹಾಗಾಗಿ ಹಳೆಯ ಲೆಕ್ಕವನ್ನು ಇವತ್ತಿನ ಕ್ಯಾಮೆರಾಗೆ ನೇರವಾಗಿ ಹಚ್ಚಬಾರದು. ಒಂದೇ ಕಾಲದ ಎರಡು ಕ್ಯಾಮೆರಾ ಇಟ್ಟು ಹೋಲಿಸುವಾಗ ಮಾತ್ರ ಜಮೀನಿನ ಅಳತೆ ಇವತ್ತಿಗೂ ನ್ಯಾಯ ಹೇಳುತ್ತದೆ.

ಹುಡುಗನನ್ನು ಕರೆದುಕೊಂಡು ಎರಡೂ ಅಂಗಡಿಗೆ ಹೋದೆವು. ಮೊದಲನೆಯ ಅಂಗಡಿಯಲ್ಲಿ 24 ಮೆಗಾಪಿಕ್ಸೆಲ್‌ದನ್ನು ರಸ್ತೆ ಕಡೆ ತಿರುಗಿಸಿ ತೋರಿಸಿದರು. ಚೆನ್ನಾಗಿತ್ತು. ಶಟರ್ ಅರ್ಧ ಎಳೆದು ಒಳಗಿನ ಲೈಟು ಆರಿಸಿ ಅಂತ ಕೇಳಿಕೊಂಡೆವು. ಮಾಲೀಕರಿಗೆ ಇಷ್ಟವಾಗಲಿಲ್ಲ, ಆದರೂ ಆರಿಸಿದರು. ಟೇಬಲ್ ಕೆಳಗಿನ ಕತ್ತಲಿಗೆ ಕ್ಯಾಮೆರಾ ಹಿಡಿದು, ಪಕ್ಕದಲ್ಲಿ ಹುಡುಗನ ಮುಖ ಇಟ್ಟು ಒಂದು ನಿಮಿಷ ಶೂಟ್ ಮಾಡಿ, ಅಲ್ಲೇ ಟಿವಿಗೆ ಹಾಕಿ ನೋಡಿದೆವು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಬಾರದು, ಅದರಲ್ಲಿ ಎಲ್ಲರೂ ಚೆಂದ. ಡಬ್ಬದ ಹಿಂಬದಿಯ ಸಣ್ಣ ಅಕ್ಷರ ಓದಿದಾಗ 24 ಅನ್ನುವುದು ಫೋಟೋವನ್ನು ಹಿಗ್ಗಿಸಿ ಬರೆಯುವ ಲೆಕ್ಕ, ಚಿಪ್‌ನಲ್ಲಿ ಅಷ್ಟು ಪಿಕ್ಸೆಲ್ಲೇ ಇಲ್ಲ ಅನ್ನುವುದೂ ಗೊತ್ತಾಯಿತು. ಎರಡನೆಯ ಅಂಗಡಿಯಲ್ಲಿ ಅದೇ ಪರೀಕ್ಷೆ. ಹುಡುಗ ಟಿವಿ ನೋಡಿದ, ಏನೂ ಹೇಳಲಿಲ್ಲ, ಕೈಚೀಲದಿಂದ ಸಾಲದ ಪಾಸ್‌ಪುಸ್ತಕ ತೆಗೆದು ಮತ್ತೊಮ್ಮೆ ಲೆಕ್ಕ ಹಾಕಿದ.

ಸೆಕೆಂಡ್ ಹ್ಯಾಂಡ್‌ದನ್ನೇ ಕೊಂಡ. ಚೌಕಾಸಿ ಮಾಡಿ ಉಳಿಸಿದ ದುಡ್ಡಿನಲ್ಲಿ ಎರಡು ಎಲ್‌ಇಡಿ ಫೋಕಸ್ ಲೈಟು, ಒಂದು ಗಟ್ಟಿ ಸ್ಟ್ಯಾಂಡು ತಗೊಂಡೆವು. ದೂರದಿಂದ ಜೂಮ್ ಎಳೆಯಬೇಡ, ಸಾಮಾನ್ಯವಾಗಿ ಜೂಮ್ ಎಳೆದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಕಡಿಮೆಯಾಗುತ್ತದೆ, ಹತ್ತಿರ ಹೋಗಿ ನಿಲ್ಲು ಅಂತ ಹೇಳಿದೆವು. ಮೊದಲ ಕೆಲಸ ಮುಂದಿನ ವಾರ, ತೋಟದಗುಡ್ಡದಹಳ್ಳಿ ಕಡೆ ಒಂದು ಗೃಹಪ್ರವೇಶ. ಹೋಮ ಬೆಳಗಿನ ಜಾವ ನಾಲ್ಕೂವರೆಗೆ.

ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇನ್ನೂ ಅರವತ್ತು ಎಪ್ಪತ್ತು ಮಿನಿ ಡಿವಿ ಟೇಪುಗಳಿವೆ. ನಾಟಕಗಳು, ಎರಡು ಕೆರೆ ಹೋರಾಟ, ಮೆಟ್ರೋ ಬರುವ ಮೊದಲಿನ ತುಮಕೂರು ರಸ್ತೆ, ಈಗ ಇಲ್ಲದ ಎಷ್ಟೋ ಜನ. ಕೆಲವಕ್ಕೆ ಬೂಷ್ಟು ಹಿಡಿಯಲು ಶುರುವಾಗಿದೆ. ಓಡಿಸಲು ಕ್ಯಾಮೆರಾ ಇಲ್ಲ, ನಮ್ಮ ಪಿಡಿ-170ರ ಹೆಡ್ ಸವೆದುಹೋಗಿದೆ, ಮಿಕ್ಸಿಂಗ್ ಸೆಂಟರ್ ಇದ್ದ ಮಳಿಗೆಯಲ್ಲಿ ಈಗ ಬಿರಿಯಾನಿ ಹೋಟೆಲ್. ನಿಮ್ಮ ಊರಿನ ಯಾವುದಾದರೂ ಹಳೇ ಸ್ಟುಡಿಯೋದಲ್ಲಿ ಓಡುವ ಸ್ಥಿತಿಯ ಮಿನಿ ಡಿವಿ ಕ್ಯಾಮೆರಾ ಅಥವಾ ಡೆಕ್ ಇದ್ದರೆ, ಜೊತೆಗೆ ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಕೇಬಲ್ ಇದ್ದರೆ, ದಯವಿಟ್ಟು ಕೆಳಗೆ ಬರೆಯಿರಿ. ಒಂದು ವಾರಕ್ಕೆ ಬಾಡಿಗೆಗೆ ಕೊಟ್ಟರೂ ಸಾಕು, ನಾವೇ ಬೈಕಿನಲ್ಲಿ ಬಂದು ತಗೊಂಡು ಹೋಗುತ್ತೇವೆ.